ಕವಿಯ ಕಾಲ, ಕವಿಯ ಹೊತ್ತು

ಕನ್ನಡ ಸಾಹಿತ್ಯಚರಿತ್ರೆಯಲ್ಲಿ ‘ಕವಿಕಾಲವಿಚಾರ’ ಎಂಬುದು ಒಂದು ದೊಡ್ಡ ಅಧ್ಯಾಯ. ಒಬ್ಬ ಕವಿಯನ್ನು ಹತ್ತು ವರ್ಷ ಹಿಂದಕ್ಕೆ ಸರಿಸಬೇಕೆ, ಇಪ್ಪತ್ತು ವರ್ಷ ಮುಂದಕ್ಕೆ ತರಬೇಕೆ ಎಂಬ ಪ್ರಶ್ನೆಗಾಗಿ ವಿದ್ವಾಂಸರು ಶಾಸನಗಳನ್ನು ತಿರುವಿಹಾಕಿದ್ದಾರೆ, ಪೂರ್ವಕವಿಸ್ಮರಣೆಯ ಪದ್ಯಗಳನ್ನು ತೂಗಿ ನೋಡಿದ್ದಾರೆ, ಪುಟಗಟ್ಟಲೆ ವಾದ ಮಾಡಿದ್ದಾರೆ. ಅದು ಆಗಬೇಕಾದ ಕೆಲಸವೇ. ಆದರೆ ಕಾಲವೆಂದರೆ ಶತಮಾನ ಮಾತ್ರವಲ್ಲ. ಬೆಳಗು, ನಡುಹಗಲು, ಬೈಗು ಇವೂ ಕಾಲವೇ. ಕವಿಯ ಶತಮಾನವನ್ನು ಅಷ್ಟು ಶ್ರದ್ಧೆಯಿಂದ ಹುಡುಕಿದ ವಿದ್ವತ್ತು ಕವಿಯ ದಿನವನ್ನು ಹುಡುಕಲು ಹೊರಟದ್ದು ಕಡಿಮೆ. ಬರೆಯುವವನು ಯಾವ ಹೊತ್ತಿನಲ್ಲಿ ಬರೆದ, ಆ ಹೊತ್ತಿನಲ್ಲಿ ಮನೆಯ ಕೆಲಸವನ್ನು ಯಾರು ನೋಡಿಕೊಂಡರು, ಬರೆಯುವವಳು ಯಾವ ಕೆಲಸವನ್ನು ಮುಗಿಸಿ ಅಥವಾ ಅರ್ಧಕ್ಕೆ ಬಿಟ್ಟು ಲೇಖನಿ ಹಿಡಿದಳು ಎಂಬುದು ಸಂಶೋಧನೆಯ ವಿಷಯವೆಂದೇ ಅನೇಕರಿಗೆ ತೋರಿಲ್ಲ.

ಪಂಪ ಆದಿಪುರಾಣವನ್ನು ಮೂರು ತಿಂಗಳಲ್ಲಿ, ವಿಕ್ರಮಾರ್ಜುನವಿಜಯವನ್ನು ಆರು ತಿಂಗಳಲ್ಲಿ ಮುಗಿಸಿದ್ದಾಗಿ ತಾನೇ ಹೇಳಿಕೊಂಡಿದ್ದಾನೆ. ಈ ಮಾತನ್ನು ಉಲ್ಲೇಖಿಸದ ಅಧ್ಯಾಪಕರಿಲ್ಲ. ಅದನ್ನು ಪ್ರತಿಭೆಯ ವೇಗಕ್ಕೆ ಸಾಕ್ಷಿಯಾಗಿ ತೋರಿಸುವುದೂ ವಾಡಿಕೆ. ಆದರೆ ಆ ಆರು ತಿಂಗಳ ಒಂದೊಂದು ದಿನವೂ ಹೇಗಿತ್ತು? ಕವಿಯೂ ಕಲಿಯೂ ಆಗಿದ್ದವನು ಯಾವ ಕರ್ತವ್ಯದಿಂದ ಬಿಡುವು ಪಡೆದಿದ್ದ? ಈ ಪ್ರಶ್ನೆಗೆ ಉತ್ತರ ಸಿಗಲಾರದು. ಉತ್ತರ ಸಿಗದೆಂದು ಪ್ರಶ್ನೆಯನ್ನೇ ಕೇಳದಿರುವುದು ಮಾತ್ರ ಬೇರೆ ಸಂಗತಿ.

ಒಬ್ಬ ಕವಯಿತ್ರಿಯ ವಿಷಯದಲ್ಲಿ ಉತ್ತರ ಆಕೆಯ ಹೆಸರಿನಲ್ಲೇ ಉಳಿದಿದೆ. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಹೊನ್ನಮ್ಮನನ್ನು ಸಾಹಿತ್ಯಚರಿತ್ರೆ ಇಂದಿಗೂ ಸಂಚಿಯ ಹೊನ್ನಮ್ಮ ಎಂದೇ ಕರೆಯುತ್ತದೆ. ಸಂಚಿ ಎಂದರೆ ಎಲೆಯಡಿಕೆಯ ಚೀಲ. ಅದನ್ನು ಹಿಡಿದು ಅರಮನೆಯಲ್ಲಿ ಊಳಿಗ ಮಾಡುವುದು ಆಕೆಯ ಕೆಲಸ. ಕರೆದಾಗ ಬರಬೇಕು, ಬೇಡಿದಾಗ ಕೊಡಬೇಕು. ಅಂತಹ ಊಳಿಗದ ನಡುವೆ ‘ಹದಿಬದೆಯ ಧರ್ಮ’ ಸಾಂಗತ್ಯದಲ್ಲಿ ರೂಪುಗೊಂಡಿತು. ಪಂಪನನ್ನು ಯಾರೂ ಅವನ ಅಧಿಕಾರದ ಹೆಸರಿನಿಂದ ಕರೆಯುವುದಿಲ್ಲ. ಹೊನ್ನಮ್ಮನ ಕೈಯ ಚೀಲ ಮಾತ್ರ ಮುನ್ನೂರು ವರ್ಷ ಕಳೆದರೂ ಕೈಬಿಟ್ಟಿಲ್ಲ. ಇದನ್ನು ಅಗೌರವವೆಂದು ತಿಳಿಯಬೇಕಾಗಿಲ್ಲ. ಕವಿತೆ ಬರೆದ ಕೈ ಮತ್ತೇನನ್ನು ಹಿಡಿದಿತ್ತು ಎಂಬುದನ್ನು ಆ ಹೆಸರೇ ಹೇಳುತ್ತದೆ.

ಮನೆಗೆಲಸ, ದಿನನಿತ್ಯದ ನಡಿಗೆ ಮತ್ತು ಕಾವ್ಯರಚನೆ ಈ ಮೂರೂ ಒಂದೇ ಸೂರಿನಡಿಯಲ್ಲಿ ಹೇಗೆ ಹೆಣೆದುಕೊಳ್ಳುತ್ತವೆ ಎಂಬುದಕ್ಕೆ ದಿನದಿನದ ಲಿಖಿತ ಸಾಕ್ಷ್ಯ ಬೇಕಾದರೆ ಸ್ವಲ್ಪ ದೂರ ಹೋಗಬೇಕು. ದೂರವೆಂದರೂ ಕನ್ನಡದ ನವೋದಯಕ್ಕೆ ಅಪರಿಚಿತವಾದ ಸ್ಥಳವಲ್ಲ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಹೊರಬಂದು ಕನ್ನಡದ ಕಿವಿಯನ್ನು ಇಂಗ್ಲೆಂಡಿನ ರಮ್ಯಕವಿಗಳ ಕಡೆಗೆ ತಿರುಗಿಸಿದ ಮೇಲೆ ವರ್ಡ್ಸ್‌ವರ್ತ್ ನಮ್ಮ ತರಗತಿಗಳಲ್ಲಿ ಮನೆಯವನೇ ಆಗಿದ್ದಾನೆ. ಆದರೆ ಅವನ ಮನೆ ನಮ್ಮ ತರಗತಿಗೆ ಬಂದಿಲ್ಲ.

1799ರ ಕೊನೆಯಲ್ಲಿ ವಿಲಿಯಂ ವರ್ಡ್ಸ್‌ವರ್ತ್ ಮತ್ತು ಅವನ ತಂಗಿ ಡೊರೊಥಿ ಗ್ರಾಸ್ಮಿಯರ್ ಎಂಬ ಹಳ್ಳಿಯ ಸಣ್ಣ ಮನೆಯೊಂದಕ್ಕೆ ಬಂದು ನೆಲಸಿದರು. 1800ರ ಮೇ 14ರಂದು ಅಣ್ಣ ಊರಿಗೆ ಹೊರಟಾಗ, ಅವನು ಹಿಂದಿರುಗಿ ಬಂದು ಓದಿ ಸಂತೋಷಪಡಲಿ ಎಂದು ಡೊರೊಥಿ ದಿನಚರಿ ಬರೆಯಲು ತೊಡಗಿದಳು. ಅದನ್ನು 1803ರ ಆರಂಭದವರೆಗೆ, ನಡುನಡುವೆ ಬಿಟ್ಟು, ಬರೆದಳು. ಅದರಲ್ಲಿ ರೊಟ್ಟಿ ಬೇಯಿಸಿದ್ದಿದೆ, ಬಟ್ಟೆ ಒಗೆದದ್ದಿದೆ, ಹರಿದ ಉಡುಪು ಹೊಲಿದದ್ದಿದೆ, ಹುರುಳಿಕಾಯಿಯ ಬಳ್ಳಿಗೆ ಕೋಲು ಕೊಟ್ಟದ್ದಿದೆ, ತಲೆನೋವಿನಿಂದ ಮಲಗಿದ್ದಿದೆ. ಅಣ್ಣನ ಕವಿತೆಗಳನ್ನು ಶುದ್ಧಪ್ರತಿ ಮಾಡಿದ್ದೂ ಇದೆ. ಮತ್ತೆ ಮತ್ತೆ ಬರುವ ಒಂದು ವಿಷಯವೆಂದರೆ ಆಂಬಲ್‌ಸೈಡಿನವರೆಗೆ ಮೂರು ನಾಲ್ಕು ಮೈಲಿ ನಡೆದು ಕಾಗದಗಳು ಬಂದಿವೆಯೇ ಎಂದು ನೋಡಿಬರುವುದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಮನೆಯ ಸಣ್ಣ ಕೆಲಸ. ಆ ಸಣ್ಣ ಕೆಲಸವೇ ಆಕೆಯ ದಿನದ ನಡಿಗೆ.

ಒಂದು ಪ್ರಸಂಗವನ್ನು ವಿವರವಾಗಿ ನೋಡುವುದು ಒಳ್ಳೆಯದು. 1800ರ ಮೇ 27ರಂದು ಎತ್ತರದ ನಿಲುವಿನ ಭಿಕ್ಷುಕಿಯೊಬ್ಬಳು ಮನೆಯ ಬಾಗಿಲಿಗೆ ಬಂದಳು. ಡೊರೊಥಿ ಅವಳಿಗೆ ಒಂದು ತುಂಡು ರೊಟ್ಟಿ ಕೊಟ್ಟು ಕಳಿಸಿದಳು. ಬಳಿಕ ಆಂಬಲ್‌ಸೈಡಿನ ದಾರಿಯಲ್ಲಿ ನಡೆಯುವಾಗ ಅವಳ ಗಂಡನನ್ನೂ ಚಿಟ್ಟೆಯ ಹಿಂದೆ ಓಡುತ್ತಿದ್ದ ಇಬ್ಬರು ಹುಡುಗರನ್ನೂ ಕಂಡಳು. ಹುಡುಗರು ತಾಯಿ ಸತ್ತುಹೋಗಿದ್ದಾಳೆಂದು ಹೇಳಿ ಬೇಡಿದರು. ತಾಯಿಯನ್ನು ಅದೇ ದಿನ ಬಾಗಿಲಲ್ಲಿ ಕಂಡಿದ್ದ ಡೊರೊಥಿ ಏನೂ ಕೊಡಲಿಲ್ಲ. ಎರಡು ವಾರದ ಮೇಲೆ, ಜೂನ್ 10ರಂದು, ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಳು. ಸುಮಾರು ಎರಡು ವರ್ಷ ಕಳೆದು 1802ರ ಮಾರ್ಚ್ 13ರಂದು ವಿಲಿಯಂ ಅದೇ ವಸ್ತುವನ್ನು ಕವಿತೆಯಾಗಿಸಲು ಒದ್ದಾಡುತ್ತಿದ್ದಾಗ ಆಕೆ ಹಳೆಯ ಬರಹವನ್ನು ಅವನಿಗೆ ಓದಿ ಹೇಳಿದಳು. ಅದು ಸಹಾಯವಾಗುವ ಬದಲು ತೊಡಕಾಯಿತೆಂದು ಆಕೆಯೇ ದಾಖಲಿಸಿದ್ದಾಳೆ. ಆ ಮಾತುಗಳಿಂದ ತಪ್ಪಿಸಿಕೊಳ್ಳಲಾಗದೆ ಅವನು ಆ ದಿನ ಕವಿತೆಯನ್ನು ಬರೆಯಲಾರದೆ ಹೋದ. ಮರುದಿನ ಬೆಳಗ್ಗೆ ಹಾಸಿಗೆಯಿಂದ ಏಳುವ ಮುನ್ನವೇ ಅದನ್ನು ಮುಗಿಸಿದ. 1807ರಲ್ಲಿ ಅಚ್ಚಾದ ಆ ಕವಿತೆ ‘ನಾನು’ ಎಂಬ ನಿರೂಪಣೆಯಲ್ಲಿದೆ. ಬಾಗಿಲಿಗೆ ಬಂದವಳನ್ನು ಕಂಡವಳೂ ಕಾಗದ ತರಲು ನಡೆದವಳೂ ಡೊರೊಥಿ. ಕವಿತೆಯಲ್ಲಿ ‘ನಾನು’ ಆದವನು ವಿಲಿಯಂ.

ಇಲ್ಲಿ ಕೃತಿಚೌರ್ಯದ ಮಾತಿಲ್ಲ. ಅಣ್ಣತಂಗಿಯರ ನಡುವೆ ಅಂತಹ ಲೆಕ್ಕವಿರಲಿಲ್ಲ. ಆಕೆ ಬರೆದದ್ದೇ ಅವನ ಸಲುವಾಗಿ. ಮುಖ್ಯ ವಿಷಯ ಬೇರೆ. ಮನೆಯ ಬಾಗಿಲು, ಅಡುಗೆಯ ರೊಟ್ಟಿ, ಅಂಚೆಯ ದಾರಿ ಇವು ಕವಿತೆಗೆ ಅಡ್ಡಿಯಾಗಿರಲಿಲ್ಲ, ಅವೇ ಅದರ ಮೂಲಸಾಮಗ್ರಿ. ಅದು ಕವಿತೆಯಾಗುವ ಹೊತ್ತಿಗೆ ಬಾಗಿಲೂ ದಾರಿಯೂ ಉಳಿದವು, ಕೆಲಸ ಮಾಯವಾಯಿತು. ಎಲ್ಲರೂ ಬಲ್ಲ ‘ಡ್ಯಾಫಡಿಲ್ಸ್’ ಕವಿತೆಯ ಕಥೆಯೂ ಹೀಗೆಯೇ. 1802ರ ಏಪ್ರಿಲ್ 15ರಂದು ಸರೋವರದ ದಡದಲ್ಲಿ ಆ ಹೂಗಳನ್ನು ಕಂಡವರು ಇಬ್ಬರು. ಸ್ನೇಹಿತರ ಮನೆಯಿಂದ ಗಾಳಿಯಲ್ಲಿ ಕಷ್ಟಪಟ್ಟು ನಡೆದು ಹಿಂದಿರುಗುತ್ತಿದ್ದವರು. ಡೊರೊಥಿ ಅಂದಿನ ದಿನಚರಿಯಲ್ಲಿ ಹೂಗಳನ್ನು ವರ್ಣಿಸಿದ್ದಾಳೆ. ಕವಿತೆ ಹುಟ್ಟಿದ್ದು ಎರಡು ವರ್ಷದ ಮೇಲೆ, 1804ರಲ್ಲಿ. ಅದರಲ್ಲಿ ನಡೆಯುವವನು ಒಂಟಿ. ಆ ಕವಿತೆಯ ಅತ್ಯುತ್ತಮವಾದ ಎರಡು ಸಾಲುಗಳು ಹೆಂಡತಿ ಮೇರಿಯವು ಎಂದು ಕವಿಯೇ ಒಪ್ಪಿಕೊಂಡಿದ್ದಾನೆ. ಅಂದರೆ ಏಕಾಂತ ಕವಿತೆಯಲ್ಲಿ ಸೃಷ್ಟಿಯಾದದ್ದು. ದಾರಿಯಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ.

ವರ್ಡ್ಸ್‌ವರ್ತ್ ತನ್ನ ಜೀವಮಾನದಲ್ಲಿ 1,75,000 ಮೈಲಿಗೂ ಹೆಚ್ಚು ನಡೆದಿರಬೇಕೆಂದು ಅವನ ಕಿರಿಯ ಸಮಕಾಲೀನನಾದ ಡಿ ಕ್ವಿನ್ಸಿ ಲೆಕ್ಕ ಹಾಕಿದ್ದ. ಈ ಅಂಕಿ ಬಹಳ ಪ್ರಸಿದ್ಧ. ಡೊರೊಥಿಯ ಮೈಲಿಗಳಿಗೆ ಇಂತಹ ಪ್ರಸಿದ್ಧಿ ದೊರೆತಿಲ್ಲ.

ಕನ್ನಡದಲ್ಲಿ ನಡಿಗೆಯ ಕವಿ ಎಂದ ಕೂಡಲೆ ನೆನಪಾಗುವವರು ಕುವೆಂಪು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅವರು ನಡೆದಾಡುತ್ತಿದ್ದದ್ದು, ಅಲ್ಲಿಯ ಬಾನಿನಲ್ಲಿ ಹಾರಿದ ಹಕ್ಕಿಗಳ ಸಾಲು ‘ದೇವರು ರುಜು ಮಾಡಿದನು’ ಕವಿತೆಯಾದದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ತಿಳಿದ ವಿಷಯ. ಮುಂದೆ ಕುಲಪತಿಯಾದಾಗ ಅವರು ಅದೇ ಕೆರೆಯ ಆಚೆಗೆ ಮಾನಸಗಂಗೋತ್ರಿಯನ್ನು ಕಟ್ಟಿಸಿದರು. ಆದ್ದರಿಂದ ಆ ನಡಿಗೆಗೆ ಕವಿತೆಯೂ ಸ್ಮಾರಕ, ವಿಶ್ವವಿದ್ಯಾಲಯದ ಆವರಣವೂ ಸ್ಮಾರಕ. ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಲೆಕ್ಕವಿದೆ. ‘ಶ್ರೀ ರಾಮಾಯಣ ದರ್ಶನಂ’ ರಚನೆ ಆರಂಭವಾದದ್ದು 1936ರಲ್ಲಿ. ಕವಿಯ ವಿವಾಹವಾದದ್ದು 1937ರಲ್ಲಿ. ಹಿರಿಯ ಮಗ ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಮಹಾಕಾವ್ಯ ಮುಗಿದದ್ದು 1946ರಲ್ಲಿ. ಹೀಗೆ ವರ್ಷಗಳನ್ನು ಜೋಡಿಸಿದರೆ ಒಂದು ಸರಳ ಸತ್ಯ ಹೊಳೆಯುತ್ತದೆ: ಇಪ್ಪತ್ತನೆಯ ಶತಮಾನದ ಕನ್ನಡದ ಮಹಾಕಾವ್ಯ ತೊಟ್ಟಿಲಿನ ವರ್ಷಗಳ ಕಾವ್ಯ. ಅದರ ಛಂದಸ್ಸು, ದರ್ಶನ, ಮಹೋಪಮೆಗಳ ಮೇಲೆ ಎಷ್ಟೋ ಮಹಾಪ್ರಬಂಧಗಳು ಬಂದಿವೆ. ಆ ವರ್ಷಗಳಲ್ಲಿ ‘ಉದಯರವಿ’ಯ ಬಳಗವನ್ನು ಕಟ್ಟಿದ ಹೇಮಾವತಿಯವರ ದಿನದ ಮೇಲೆ ಅಷ್ಟು ಪುಟಗಳಿಲ್ಲ.

ಈ ಕೊರತೆಯನ್ನು ಸ್ವಲ್ಪವಾದರೂ ತುಂಬಿದವರು ವಿಮರ್ಶಕರಲ್ಲ, ಮಕ್ಕಳು. ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ ಮತ್ತು ತಾರಿಣಿಯವರ ‘ಮಗಳು ಕಂಡ ಕುವೆಂಪು’ ಕವಿಯನ್ನು ಮನೆಯೊಳಗಿಟ್ಟು ತೋರಿಸುವ ಕೃತಿಗಳು. ಇವನ್ನು ಹಗುರವಾದ ನೆನಪಿನ ಪುಸ್ತಕಗಳೆಂದು ಬಗೆದು, ಗ್ರಂಥಋಣದ ಕೊನೆಯ ಸಾಲಿನಲ್ಲಿ ಸೇರಿಸಿಬಿಡುವ ಸಂಶೋಧಕರುಂಟು. ವಾಸ್ತವವಾಗಿ ಕಾವ್ಯದ ಹೊತ್ತಿನ ಬಗೆಗೆ ಇವು ಪ್ರಾಥಮಿಕ ಆಕರಗಳು. ಒಂದು ತಾಳೆಗರಿಯ ಪ್ರತಿಯಲ್ಲಿ ಲಿಪಿಕಾರನ ಕೊನೆಯ ಸಾಲನ್ನು ಎಷ್ಟು ಜೋಪಾನವಾಗಿ ಓದಲಾಗುತ್ತದೆಯೋ ಅಷ್ಟೇ ಜೋಪಾನವಾಗಿ ಓದಬೇಕಾದವು.

ಕೆರೆಯ ಏರಿಯ ಮೇಲೆ ಒಬ್ಬರೇ ನಡೆಯುವುದು ಎಲ್ಲರಿಗೂ ಸಾಧ್ಯವಿದ್ದ ಕೆಲಸವಲ್ಲ ಎಂಬುದನ್ನೂ ಹೇಳಲೇಬೇಕು. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಗೃಹಿಣಿಯೊಬ್ಬಳು ಸುಮ್ಮನೆ ನಡೆದುಬರುತ್ತೇನೆಂದು ಹೊಸ್ತಿಲು ದಾಟುವಂತಿರಲಿಲ್ಲ. ನೀರು ತರುವುದಿರಬೇಕು, ದೇವಸ್ಥಾನಕ್ಕೆ ಹೋಗುವುದಿರಬೇಕು, ಬಾಣಂತಿಯನ್ನು ನೋಡಿಬರುವುದಿರಬೇಕು. ಕಾರಣವಿಲ್ಲದ ನಡಿಗೆಗೆ ಹೆಸರೇ ಬೇರೆ. ಗಂಡಸಿಗೆ ವಾಯುವಿಹಾರವಾದದ್ದು ಹೆಂಗಸಿಗೆ ಕೆಲಸದ ಓಡಾಟ. ಆ ಓಡಾಟದಲ್ಲಿ ಕಿವಿಗೆ ಬಿದ್ದದ್ದೇ ಅನೇಕ ಲೇಖಕಿಯರ ಬಂಡವಾಳ. ಹಿತ್ತಿಲ ಬಾಗಿಲಿನ ಮಾತು, ಬಾವಿಕಟ್ಟೆಯ ಸುದ್ದಿ, ಮದುವೆಮನೆಯ ಪಿಸುಮಾತು ಇವು ಕಥೆಗಳಾದವು.

ಕೊಡಗಿನ ಗೌರಮ್ಮನವರು ಈ ಮಾತಿಗೆ ಒಂದು ಅಪವಾದ, ಅಪವಾದವಾದ್ದರಿಂದಲೇ ಮುಖ್ಯ. ಶುಂಠಿಕೊಪ್ಪದ ಬಳಿಯ ಕಾಫಿ ತೋಟದ ಮನೆಯಲ್ಲಿ ಸಂಸಾರ ನಡೆಸುತ್ತಾ, ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಕಥೆ ಬರೆಯುತ್ತಾ, ಟೆನಿಸ್ ಆಡುತ್ತಾ, ಹೊಳೆಯಲ್ಲಿ ಈಜುತ್ತಾ ಇದ್ದವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟವರು. 1939ರಲ್ಲಿ ಈಜಲು ಹೋದಾಗ ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡಾಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ‘ಕಂಬನಿ’, ‘ಚಿಗುರು’ ಸಂಕಲನಗಳು ಹೊರಬಂದದ್ದು ಆಮೇಲೆ. ಅವರ ಮನೆಯ ಹೊರಗಿನ ಓಡಾಟಕ್ಕೆ ಕಾರಣ ಕೊಡಬೇಕಾಗಿರಲಿಲ್ಲ. ಆ ಕಥೆಗಳ ದನಿಯಲ್ಲಿರುವ ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲವೆನ್ನುವುದು ಕಷ್ಟ.

ಎಂ.ಕೆ. ಇಂದಿರಾ ಅವರ ದಾರಿ ಬೇರೆ. ತೀರ್ಥಹಳ್ಳಿಯ ಕಡೆಯ ಹುಡುಗಿ, ಹನ್ನೆರಡನೆಯ ವಯಸ್ಸಿಗೆ ಮದುವೆ, ಅಲ್ಲಿಗೆ ಶಾಲೆ ಮುಗಿಯಿತು. ಬರವಣಿಗೆಗೆ ತೊಡಗಿದ್ದು ನಲವತ್ತೈದರ ಆಸುಪಾಸಿನಲ್ಲಿ. ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಸಾಹಿತ್ಯಚರಿತ್ರೆ ಇದನ್ನು ‘ತಡವಾಗಿ ಬರೆಯಲು ಆರಂಭಿಸಿದವರು’ ಎಂದು ಒಂದು ವಾಕ್ಯದಲ್ಲಿ ಮುಗಿಸುತ್ತದೆ. ತಡವಾದದ್ದು ಯಾವುದಕ್ಕೆ? ಆ ಮೂವತ್ತಮೂರು ವರ್ಷ ಖಾಲಿಯಾಗಿರಲಿಲ್ಲ. 1976ರ ‘ಫಣಿಯಮ್ಮ’ ಬಾಲ್ಯದಲ್ಲಿ ಬಂಧುಬಳಗದಲ್ಲಿ ಕಂಡು ಕೇಳಿದ, ತಾಯಿಯ ಬಾಯಿಂದ ಬಂದ ಬಾಳಿನ ಕಥೆ. ಮಡಿಯ ವಿಧವೆಯೊಬ್ಬಳು ದೊಡ್ಡ ಮನೆಯ ಕೆಲಸವನ್ನೆಲ್ಲ ಹೊತ್ತು, ಯಾರ ಹೆರಿಗೆಗೆ ಕರೆದರೂ ಹೋಗಿ, ಯಾರಿಗೂ ಬೇಸರವಾಗದಂತೆ ಬದುಕಿ ಮುಗಿಸಿದ ಆ ಕಥೆಯನ್ನು ಮನೆಗೆಲಸದ ಒಳಗಿನ ನಡೆ ಗೊತ್ತಿಲ್ಲದವರು ಬರೆಯುವಂತಿರಲಿಲ್ಲ. ಇದನ್ನು ತಡವೆಂದು ಕರೆಯುವುದಕ್ಕಿಂತ ಸಂಚಯವೆಂದು ಕರೆಯುವುದು ಸರಿಯೆನಿಸುತ್ತದೆ. ಹಾಗೆಂದು ಮದುವೆಯಾಗಿ ಶಾಲೆ ತಪ್ಪಿದ್ದೇ ಒಳ್ಳೆಯದಾಯಿತೆಂದು ಹೇಳಿದರೆ ಅದು ಕ್ರೌರ್ಯ. ಇನ್ನೂ ಹತ್ತು ವರ್ಷ ಮೊದಲೇ ಅವರ ಕೈಗೆ ಲೇಖನಿ ಬಂದಿದ್ದರೆ ಕನ್ನಡಕ್ಕೆ ಏನು ಸಿಗುತ್ತಿತ್ತೆಂಬ ಲೆಕ್ಕವೂ ಇದರೊಡನೆಯೇ ಇರಬೇಕು.

ತ್ರಿವೇಣಿಯವರಿಗೆ ಸಂಚಯದ ಅವಕಾಶವೂ ಇರಲಿಲ್ಲ. 1928ರಲ್ಲಿ ಹುಟ್ಟಿ 1963ರಲ್ಲಿ, ಮಗು ಹುಟ್ಟಿದ ಕೆಲವೇ ದಿನಗಳಲ್ಲಿ, ತೀರಿಕೊಂಡರು. ಸುಮಾರು ಹತ್ತು ವರ್ಷದ ಬರವಣಿಗೆಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳು. ಇಂತಹವರ ಕೃತಿಗಳಿಗೆ ಒಂದು ಕಾಲದ ವಿಮರ್ಶೆ ‘ಅಡುಗೆಮನೆ ಸಾಹಿತ್ಯ’ ಎಂಬ ಹಣೆಪಟ್ಟಿ ಹಚ್ಚಿತು. ಈ ಮಾತಿನಲ್ಲಿ ತಿರಸ್ಕಾರವಿರುವುದು ಗೊತ್ತಿದ್ದದ್ದೇ. ಅದರಲ್ಲಿರುವ ಅವಿದ್ಯೆ ಅಷ್ಟಾಗಿ ಗೊತ್ತಿಲ್ಲ. ಅಡುಗೆಮನೆಯಲ್ಲಿ ಕೂತು ಬರೆದದ್ದೆಲ್ಲ ಅಡುಗೆಮನೆಯ ಬಗೆಗೇ ಇರುತ್ತದೆ ಎಂಬುದು ಗ್ರಂಥಾಲಯದಲ್ಲಿ ಕೂತು ಬರೆದದ್ದೆಲ್ಲ ಗ್ರಂಥಾಲಯದ ಬಗೆಗೇ ಇರುತ್ತದೆ ಎಂದಷ್ಟೇ ಸತ್ಯ. ‘ಶರಪಂಜರ’ ಮನಸ್ಸು ಒಡೆದುಹೋಗುವುದನ್ನು ಕುರಿತ ಕೃತಿ. ಅದರ ಹಿಂದಿರುವುದು ಮನಶ್ಶಾಸ್ತ್ರದ ವ್ಯಾಸಂಗ.

ಮುರಿದ ಹೊತ್ತಿನಲ್ಲಿ ಬರೆದ ಬರಹಕ್ಕೆ ಅದರದೇ ಆದ ರೂಪವಿದೆಯೆ? ಇದು ಸಾಹಿತ್ಯದ ವಿದ್ಯಾರ್ಥಿ ಕೇಳಿಕೊಳ್ಳಬೇಕಾದ ಪ್ರಶ್ನೆ. ಸಣ್ಣಕಥೆ, ಬಿಡಿ ಪದ್ಯ, ವಾರಪತ್ರಿಕೆಯ ಧಾರಾವಾಹಿ ಕಂತು ಇವು ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಎತ್ತಿಟ್ಟು ಮತ್ತೆ ಹಿಡಿಯಬಹುದಾದ ರೂಪಗಳು. ವೈದೇಹಿಯವರ ಒಂದು ಕವನಸಂಕಲನದ ಹೆಸರು ‘ಬಿಂದು ಬಿಂದಿಗೆ’. ಒಂದು ಶೀರ್ಷಿಕೆಯ ಮೇಲೆ ಸಿದ್ಧಾಂತ ಕಟ್ಟುವುದು ಸಲ್ಲದು. ಆದರೂ ಹನಿಹನಿಯಾಗಿ ಬಿಂದಿಗೆ ತುಂಬುವ ಚಿತ್ರ ಈ ಬಗೆಯ ರಚನೆಗೆ ಎಷ್ಟು ಒಪ್ಪುತ್ತದೆಂದು ಗಮನಿಸದಿರಲಾಗದು. ಕುಂದಾಪುರದ ದೊಡ್ಡ ಮನೆಯ ಒಳಗಿನ ಮಾತು ಅವರ ಕಥೆಗಳಲ್ಲಿ ಬರುವಷ್ಟು ಸಹಜವಾಗಿ ಬರಬೇಕಾದರೆ ಆ ಒಳಮನೆಯಲ್ಲಿ ಕೇಳುಗಳಾಗಿ ನಿಂತಿರಬೇಕು.

ನಡಿಗೆಯ ಪಾತ್ರ ಇಲ್ಲಿಯೇ ಬರುತ್ತದೆ. ಮನೆಯಲ್ಲಿ ಬರೆಯುವವರಿಗೆ ಬರೆಯಲು ಕೂರುವ ಹೊತ್ತು ಸಿಕ್ಕರೂ ಯೋಚಿಸುವ ಹೊತ್ತು ಸಿಗುವುದಿಲ್ಲ. ಕೂತರೆ ಯಾರಾದರೂ ಕರೆಯುತ್ತಾರೆ. ನಡೆಯುತ್ತಿರುವವರನ್ನು ಅಷ್ಟು ಸುಲಭವಾಗಿ ಕರೆಯಲಾಗುವುದಿಲ್ಲ. ಇಂದು ವೈದ್ಯರ ಸಲಹೆಯಿಂದಾಗಿ ಬೆಳಗಿನ ಅರ್ಧ ಗಂಟೆಯ ವಾಕಿಂಗ್ ಮಧ್ಯಮವರ್ಗದ ಮನೆಗಳಲ್ಲಿ ಪ್ರಶ್ನಾತೀತವಾಗಿದೆ. ಅಜ್ಜಿಗೆ ದೊರೆಯದ ಕಾರಣವಿಲ್ಲದ ನಡಿಗೆ ಮೊಮ್ಮಗಳಿಗೆ ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ದೊರೆತಿದೆ. ಇತಿಹಾಸದ ವಿನೋದಗಳಲ್ಲಿ ಇದೂ ಒಂದು. ಆದರೆ ಬರುವಾಗ ಹಾಲು ತರಬೇಕು, ಔಷಧಿ ಅಂಗಡಿಗೆ ಚೀಟಿ ಕೊಡಬೇಕು, ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸಬೇಕು. ಕೈಯಲ್ಲಿರುವ ಮೊಬೈಲು ದಾರಿಯುದ್ದಕ್ಕೂ ಮನೆಯನ್ನು ಹೊತ್ತು ತರುತ್ತದೆ. ಆಂಬಲ್‌ಸೈಡಿನ ದಾರಿಯಲ್ಲಿ ಡೊರೊಥಿಯನ್ನು ಕರೆಯುವವರು ಯಾರೂ ಇರಲಿಲ್ಲ.

ಸಂಸಾರದ ನಡುವಿನ ಸಾಧನೆ ಎಂದಾಗ ರತ್ನಾಕರವರ್ಣಿಯ ‘ಭರತೇಶವೈಭವ’ವನ್ನು ಉದಾಹರಿಸುವುದು ಸಹಜ. ಅದರ ಮೊದಲ ಸಂಧಿಗಳೇ ಒಂದು ಮನೆಯ ದಿನಚರಿಯಂತಿವೆ: ಓಲಗ, ಕವಿಗಳ ಮಾತು, ಮುನಿಗಳಿಗೆ ಆಹಾರದಾನಕ್ಕಾಗಿ ಚಕ್ರವರ್ತಿಯೇ ಬಾಗಿಲ ಮುಂದೆ ಕಾಯುವುದು. ಭೋಗದ ಮಧ್ಯದಲ್ಲೇ ಯೋಗ ಎಂಬ ಅದರ ದರ್ಶನವನ್ನು ಮನೆಯಲ್ಲಿ ಬರೆಯುವವರಿಗೆ ಸಮಾಧಾನವಾಗಿ ಹೇಳುವವರಿದ್ದಾರೆ. ಅದನ್ನು ಹೇಳುವಾಗ ಭರತನಿಗೆ ಎಷ್ಟು ಜನ ಪರಿಚಾರಕರಿದ್ದರೆಂಬುದನ್ನೂ ನೆನೆಯುವುದು ಒಳಿತು. ಸಂಸಾರದಲ್ಲಿದ್ದೂ ನಿರ್ಲಿಪ್ತನಾಗುವುದು ಒಂದು. ಸಂಸಾರದ ಪಾತ್ರೆ ತೊಳೆಯುತ್ತಾ ನಿರ್ಲಿಪ್ತಳಾಗುವುದು ಮತ್ತೊಂದು. ರತ್ನಾಕರನ ಕಾವ್ಯ ಮೊದಲನೆಯದನ್ನು ಸಾಧಿಸಿ ತೋರಿಸಿದೆ. ಎರಡನೆಯದನ್ನು ಕುರಿತ ಮಹಾಕಾವ್ಯ ಕನ್ನಡದಲ್ಲಿ ಇನ್ನೂ ಬರಬೇಕಾಗಿದೆ. ‘ಫಣಿಯಮ್ಮ’ ಅದರ ಒಂದು ಅಧ್ಯಾಯ.

ಸಂಶೋಧಕರು ಮಾಡಬಹುದಾದ ಕೆಲಸ ಇಲ್ಲಿ ಬಹಳವಿದೆ. ಹಿರಿಯ ಲೇಖಕರನ್ನು ಸಂದರ್ಶಿಸುವಾಗ ಪ್ರಭಾವ, ಪ್ರೇರಣೆ, ಪ್ರಶಸ್ತಿಗಳ ಪ್ರಶ್ನೆಗಳೊಡನೆ ಯಾವ ಹೊತ್ತಿನಲ್ಲಿ ಬರೆಯುತ್ತಿದ್ದಿರಿ, ಆಗ ಅಡುಗೆ ಯಾರದು, ಕಾಗದವನ್ನು ಅಂಚೆಗೆ ಹಾಕುತ್ತಿದ್ದವರು ಯಾರು ಎಂದೂ ಕೇಳಬಹುದು. ಹಸ್ತಪ್ರತಿಗಳನ್ನು ನೋಡುವಾಗ ತಿದ್ದುಪಡಿಗಳನ್ನು ಮಾತ್ರವಲ್ಲದೆ ಹಾಳೆಯ ಹಿಂಬದಿಯನ್ನೂ ನೋಡಬಹುದು. ಒಬ್ಬ ಲೇಖಕಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಸಾಮಾನ್ಯವಾಗಿ ಪ್ರಶಸ್ತಿ ಫಲಕಗಳನ್ನೂ ಗಣ್ಯರ ಕಾಗದಗಳನ್ನೂ ತೆಗೆದಿಡುತ್ತಾರೆ. ಹಾಲಿನ ಲೆಕ್ಕ, ದಿನಸಿಯ ಚೀಟಿ, ಮಕ್ಕಳ ಜ್ವರಕ್ಕೆ ಕೊಟ್ಟ ಔಷಧಿಯ ಟಿಪ್ಪಣಿ, ಅವುಗಳ ನಡುವೆ ಎಲ್ಲೋ ಒಂದು ಕಥೆಯ ಮೊದಲ ವಾಕ್ಯ ಇರುವ ಉದ್ದನೆಯ ಲೆಕ್ಕದ ಪುಸ್ತಕ ಮಾತ್ರ ಹಳೆಯ ಪೇಪರಿನ ಜೊತೆಗೆ ತೂಕಕ್ಕೆ ಹೋಗುತ್ತದೆ.